ಕೆಂಪು ಶಾಯಿಯಲ್ಲಿ ಬರೆದಿದ್ದ ಸಾಲು

ಕನಕಪುರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಹಲ್ಲಿನ ಕ್ಲಿನಿಕ್ಕಿಗೆ ಸಹಾಯಕಿಯಾಗಿ ಸೇರಿದಾಗ ನನಗೆ ಇಪ್ಪತ್ತು ವರ್ಷ. ಪಿಯುಸಿಯಲ್ಲಿ ವಿಜ್ಞಾನ ಓದಿ ಪಾಸಾಗಿದ್ದೆ. ಮುಂದೆ ಓದಲು ಆಗಿರಲಿಲ್ಲ. ಉಪಕರಣ ತೊಳೆದು ಕುದಿಸುವುದು, ಬಂದವರ ಹೆಸರು ಬರೆದುಕೊಳ್ಳುವುದು, ಡಾಕ್ಟರು ಕೈ ಚಾಚಿದಾಗ ಬೇಕಾದ್ದನ್ನು ಕೊಡುವುದು ನನ್ನ ಕೆಲಸ. ಮೂರು ವರ್ಷದಲ್ಲಿ ಅವರು ಬಾಯಿ ಬಿಡುವ ಮೊದಲೇ ಯಾವುದು ಬೇಕೆಂದು ನನಗೆ ತಿಳಿಯುತ್ತಿತ್ತು. ಹಳ್ಳಿಯಿಂದ ಬಂದವರು ನನ್ನನ್ನೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಹಾಗೆ ಕರೆಸಿಕೊಳ್ಳುವುದು ಹಿತವಾಗಿತ್ತು.

ನಮ್ಮ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಒಂದು ಮಂಗಳವಾರ ಶಾಲಾ ಮಕ್ಕಳ ಹಲ್ಲು ನೋಡಲು ಚನ್ನಪಟ್ಟಣಕ್ಕೆ ಹೋಗಿದ್ದರು. ಕ್ಲಿನಿಕ್ಕಿನಲ್ಲಿ ನಾನೊಬ್ಬಳೇ. ಮಧ್ಯಾಹ್ನದ ಹೊತ್ತಿಗೆ ಕೆನ್ನೆಗೆ ಸೆರಗು ಒತ್ತಿಕೊಂಡು ಒಬ್ಬ ಹೆಂಗಸು ಬಂದರು. ನಮ್ಮಮ್ಮನ ವಯಸ್ಸು. ದವಡೆ ಊದಿತ್ತು. ನಾನು ಸೇರುವುದಕ್ಕಿಂತ ಮೊದಲು ಒಮ್ಮೆ ಇಲ್ಲಿಯೇ ಹಲ್ಲು ಕೀಳಿಸಿದ್ದೆ ಎಂದರು. ಡಾಕ್ಟರಿಲ್ಲ, ನಾಳೆ ಬನ್ನಿ ಎಂದೆ.

"ನಾಳೆ ಹುಳ ಹಣ್ಣಾಯ್ತವೆ ಕಣವ್ವ, ಮನೆ ಬುಟ್ಟು ಬರಕಾಗಕಿಲ್ಲ. ಒಸಿ ಏನಾರ ಕೊಡು, ಎರಡು ದಿನ ತಡ್ಕತೀನಿ," ಎಂದರು.

ನಾನೂ ರೇಷ್ಮೆ ಸಾಕುವ ಮನೆಯವಳೇ. ಗೂಡು ಕಟ್ಟಲು ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡು ಕೆಡುತ್ತದೆ, ಒಂದು ತಿಂಗಳ ದುಡಿಮೆ ಹೋಗುತ್ತದೆ. ಡಾಕ್ಟರಿಗೆ ಫೋನ್ ಮಾಡಿದೆ. ಎರಡು ಸಲ ಮಾಡಿದರೂ ಅವರು ಎತ್ತಲಿಲ್ಲ. ಕೆಲಸ ಹೆಚ್ಚಿದ್ದ ದಿನಗಳಲ್ಲಿ ಅವರೇ ಫೋನಿನಲ್ಲಿ, ಊತ ಇದ್ದರೆ ಡ್ರಾಯರಿನಲ್ಲಿರುವ ಆಂಟಿಬಯೋಟಿಕ್ ಮಾತ್ರೆ ಕೊಟ್ಟು ಕಳಿಸು ಎಂದು ನನಗೆ ಹೇಳಿದ್ದುಂಟು. ಹೇಗೂ ಇವತ್ತೂ ಅದನ್ನೇ ಹೇಳುತ್ತಾರೆ ಎಂದುಕೊಂಡು ಡ್ರಾಯರಿನಿಂದ ಒಂದು ಪಟ್ಟಿ ತೆಗೆದು ಕೊಟ್ಟೆ. ಅವರು ಅಲ್ಲಿಯೇ ಒಂದನ್ನು ನೀರು ಕುಡಿದು ನುಂಗಿ ಬಸ್ಸಿಗೆ ಹೊರಟರು.

ಅರ್ಧ ಗಂಟೆಯೊಳಗೆ ಗೋಡೆ ಹಿಡಿದುಕೊಂಡು ವಾಪಸು ಬಂದರು. ತುಟಿ ದಪ್ಪಗಾಗಿತ್ತು. ಕುತ್ತಿಗೆಯ ಮೇಲೆಲ್ಲ ದದ್ದು. ಉಸಿರು ಸುಯ್ ಸುಯ್ ಎನ್ನುತ್ತಿತ್ತು. ಕ್ಲಿನಿಕ್ಕಿನ ಬಾಗಿಲನ್ನೂ ಎಳೆಯದೆ ಆಟೋ ನಿಲ್ಲಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಓಡಿದೆ. ಏನು ತಗೊಂಡರು ಎಂದು ಅಲ್ಲಿನ ವೈದ್ಯರು ಕೇಳಿದಾಗ ಮಾತ್ರೆಯ ಹೆಸರು ಹೇಳಿ, ನಾನೇ ಕೊಟ್ಟೆ ಸರ್ ಎಂದೆ. ಅದನ್ನು ಹೇಳುವುದು ಕಷ್ಟವಾಗಲಿಲ್ಲ. ಆಕೆಯ ಕೈ ನನ್ನ ಕೈಯೊಳಗಿತ್ತು, ತಣ್ಣಗಿತ್ತು. ಇಂಜೆಕ್ಷನ್ ಕೊಟ್ಟರು, ಆಮ್ಲಜನಕ ಹಾಕಿದರು. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು. ಒಂದು ರಾತ್ರಿ ಇಲ್ಲಿರಲಿ, ಅಪಾಯವಿಲ್ಲ ಎಂದರು. ಅಲ್ಲಿಂದಲೇ ಮತ್ತೆ ಡಾಕ್ಟರಿಗೆ ಫೋನ್ ಮಾಡಿದೆ; ಈ ಸಲ ಎತ್ತಿದರು, ನಡೆದದ್ದು ಕೇಳಿ ಈಗಲೇ ಹೊರಟೆ ಎಂದರು.

ಕಷ್ಟವಾಗಿದ್ದು ಆಮೇಲೆ. ಕ್ಲಿನಿಕ್ಕಿಗೆ ಮರಳಿ ಕಪಾಟು ತೆಗೆದು ಹಳೆಯ ಕಡತಗಳಲ್ಲಿ ಆಕೆಯ ಹೆಸರು ಹುಡುಕಿದೆ. ಹಾಳೆ ಸಿಕ್ಕಿತು. ಹಿಂದೆ ಒಮ್ಮೆ ಆ ಮಾತ್ರೆಯಿಂದ ಮೈಯೆಲ್ಲ ದದ್ದೆದ್ದಿತ್ತು, ಮತ್ತೆ ಕೊಡಬಾರದು ಎಂದು ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದರು. ಕಪಾಟು ನಾನು ಕೂರುವ ಜಾಗದಿಂದ ಮೂರು ಹೆಜ್ಜೆ. ಹಿಂದೆ ಬಂದಿದ್ದೆ ಎಂದು ಆಕೆ ಬಾಯಿಬಿಟ್ಟು ಹೇಳಿದ್ದರೂ ನಾನು ಏಳಲಿಲ್ಲ.

ಬರೆದ ಡಾಕ್ಟರಿಗೂ ಇಷ್ಟು ವರ್ಷದ ಮೇಲೆ ನೆನಪಿರಲಾರದು; ಹಾಳೆ ಇರುವುದು ಈಗ ನನಗೊಬ್ಬಳಿಗೇ ಗೊತ್ತು. ಅದನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಮತ್ತೆ ಹೊರಗೆ ತೆಗೆದೆ. ಮತ್ತೆ ಇಟ್ಟೆ. ಅದು ಇಲ್ಲದಿದ್ದರೆ ಇದು ಯಾರೂ ಮೊದಲೇ ತಿಳಿಯಲಾಗದ ಆಕಸ್ಮಿಕ. ಇದ್ದರೆ ಓದದೇ ಕೊಟ್ಟವಳು ನಾನು. ಡಾಕ್ಟರ ಕಾರು ಬಂದು ನಿಂತ ಸದ್ದಾದಾಗ ಹಾಳೆ ನನ್ನ ಬ್ಯಾಗಿನಲ್ಲಿಯೇ ಇತ್ತು. ಅವರು ಒಳಗೆ ಬಂದು, ನನ್ನ ಮುಖ ನೋಡಿ, ಮೊದಲು ಕೇಳಿದ್ದು ಆಯಮ್ಮ ಹೇಗಿದ್ದಾರೆ ಎಂದು. ಆಗ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅಳುತ್ತ ಹಾಳೆ ತೆಗೆದು ಅವರ ಮುಂದಿಟ್ಟೆ. ಬ್ಯಾಗಿಗೆ ಹಾಕಿಕೊಂಡಿದ್ದನ್ನೂ ಹೇಳಿದೆ.

ಅವರು ಮಡಿಕೆ ಬಿದ್ದ ಹಾಳೆಯನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದರು. ಕೆಲಸ ಹೋಯಿತು ಎಂದೇ ನಾನು ತಿಳಿದೆ.

"ಕಾನೂನಿನ ಮುಂದೆ ನೀನು ಮಾಡಿದ್ದಕ್ಕೆ ಉತ್ತರ ಹೇಳ್ಬೇಕಾದವಳು ನಾನು," ಎಂದರು ಕೊನೆಗೆ. "ಔಷಧಿ ಕೊಡೋ ಅಧಿಕಾರ ನಿನಗಿಲ್ಲ. ಇಲ್ಲ ಅಂತ ಗೊತ್ತಿದ್ದೂ ಫೋನಲ್ಲಿ ಹೇಳಿ ಕೊಡಿಸ್ತಿದ್ದವಳು ನಾನೇ ಅಲ್ವಾ. ನಿನ್ನ ಪಾಲು ನೀನು ಬರಿ, ನನ್ನ ಪಾಲು ನಾನು ಬರೀತೀನಿ."

ಇಬ್ಬರೂ ಎದುರುಬದುರು ಕುಳಿತು ಬರೆದೆವು. ಎಷ್ಟು ಗಂಟೆಗೆ ಬಂದರು, ಏನು ಕೊಟ್ಟೆ, ಏನು ಕೇಳಲಿಲ್ಲ, ಯಾವುದನ್ನು ನೋಡಲಿಲ್ಲ. ಹಳೆಯ ಹಾಳೆಯಲ್ಲಿ ಒಂದಕ್ಷರವನ್ನೂ ಮುಟ್ಟಬಾರದು, ಹೊಸದೇನಿದ್ದರೂ ಹೊಸ ಹಾಳೆಯಲ್ಲಿ, ಇವತ್ತಿನ ತಾರೀಖು ಹಾಕಿ, ಸಹಿ ಮಾಡಿ ಬರೆಯಬೇಕು ಎಂದು ಅವರು ಹೇಳಿಕೊಟ್ಟರು. ಅವರ ಬರಹ ನನ್ನದಕ್ಕಿಂತ ಉದ್ದವಾಗಿತ್ತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಆಕೆ ಎದ್ದು ಕುಳಿತಿದ್ದರು. ಮಗ್ಗುಲಲ್ಲಿ ಗಂಡ ನಿಂತಿದ್ದರು. ಡಾಕ್ಟರು ಒಂದೂ ಮುಚ್ಚಿಡದೆ ಹೇಳಿದರು. ಎಲ್ಲ ಹಾಳೆಗಳ ನಕಲನ್ನು ಅವರ ಕೈಗೆ ಕೊಟ್ಟು, ದೂರು ಕೊಡುವ ಹಕ್ಕು ನಿಮಗಿದೆ, ಎಲ್ಲಿ ಕೊಡಬೇಕೆಂದು ಕೇಳಿದರೆ ಅದನ್ನೂ ಹೇಳುತ್ತೇನೆ ಎಂದರು. ಗಂಡನಿಗೆ ಸಿಟ್ಟು ಇಳಿಯಲಿಲ್ಲ. ಒಂದು ಮಾತ್ರೆ ಕೊಡುವ ಮುಂಚೆ ಒಂದು ಮಾತು ಕೇಳಬಾರದಿತ್ತೇ ಎಂದು ನನ್ನನ್ನು ಕೇಳಿದರು. ಆಕೆಗೋ ಮನೆಯದೇ ಚಿಂತೆ, ಹುಳ ಆರಿಸುವವರು ಯಾರು ಎಂದು.

ಹುಳ ಆರಿಸಲು ನಾನು ಹೋಗುತ್ತೇನೆ ಎಂದು ಆಚೆ ಬಂದು ಡಾಕ್ಟರಿಗೆ ಹೇಳಿದೆ. ಹೋಗು, ಆದರೆ ದೂರು ಬೇಡ ಎಂದು ಮಾತ್ರ ಕೇಳಬಾರದು ಎಂದರು. ಆಕೆಯ ಗಂಡನ ಬೈಕಿನ ಹಿಂದೆ ಕುಳಿತು ಹೋದೆ. ಮಧ್ಯಾಹ್ನದವರೆಗೂ ಹುಳಮನೆಯಲ್ಲಿ ತಟ್ಟೆ ತಟ್ಟೆಗಳಿಂದ ಹೊಳಪಾಗಿ ಹಳದಿಗೆ ತಿರುಗಿದ ಹುಳಗಳನ್ನು ಆರಿಸಿ ಚಂದ್ರಿಕೆಯ ಸುತ್ತುಗಳಲ್ಲಿ ಬಿಟ್ಟೆವು. ಎರಡು ಗಂಟೆಯ ಹೊತ್ತಿಗೆ ಗಂಡನೇ ಮುದ್ದೆ, ಸೊಪ್ಪಿನ ಸಾರು ತಂದು ನನ್ನ ಮುಂದಿಟ್ಟರು.

"ಉಣ್ಣವ್ವ," ಎಂದರು. "ಅರ್ಜಿ ಮಾತ್ರ ಕೊಟ್ಟೇ ಕೊಡ್ತೀನಿ."

"ಕೊಡಿ ಅಣ್ಣ," ಎಂದೆ.

ಅವರು ಕೊಟ್ಟರು. ಕೆಲವು ವಾರಗಳ ನಂತರ ಜಿಲ್ಲಾ ಆರೋಗ್ಯ ಕಚೇರಿಯಿಂದ ನೋಟಿಸು ಬಂತು. ಕಾರು ರಿಪೇರಿಗೆ ಹೋಗಿದ್ದರಿಂದ ರಾಮನಗರಕ್ಕೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ಡಾಕ್ಟರು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಬರೆದಿದ್ದನ್ನೇ ಹೇಳಿದ್ದರಿಂದ ನನಗೆ ಯೋಚಿಸಿ ಜೋಡಿಸುವ ಕಷ್ಟವಿರಲಿಲ್ಲ. ಡಾಕ್ಟರಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಅವರಿಲ್ಲದಾಗ ಚಿಕಿತ್ಸೆಯಾಗಲಿ ಔಷಧಿಯಾಗಲಿ ಕೊಡಕೂಡದು, ಸಹಾಯಕರು ಮಾಡಬಹುದಾದ್ದು ಏನು, ಮಾಡಬಾರದ್ದು ಏನು ಎಂದು ಗೋಡೆಗೆ ಹಾಕಬೇಕು ಎಂದರು. ದಾಖಲೆಯನ್ನು ಇದ್ದ ಹಾಗೆಯೇ ಒಪ್ಪಿಸಿದ್ದನ್ನೂ ಆದೇಶದಲ್ಲಿ ಬರೆದಿದ್ದರು. ಆ ಒಂದು ವಾಕ್ಯವನ್ನು ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಎರಡು ಸಲ ಓದಿದೆ.

ಆಸ್ಪತ್ರೆಯಲ್ಲಿ ಊತ ಇಳಿಸಿದ್ದರೂ ಹಲ್ಲು ಹಾಗೇ ಇತ್ತು. ಆ ಹೆಂಗಸು ಅದರ ಚಿಕಿತ್ಸೆಗೆ ನಮ್ಮಲ್ಲಿಗೇ ಬಂದಿದ್ದು ನನಗೆ ಇವತ್ತಿಗೂ ಆಶ್ಚರ್ಯ. ಗಂಡನೇ ಕರೆತಂದರು. ಬೇರೆ ಕಡೆ ಹೋದರೆ ಮೊದಲಿಂದ ಹೇಳಬೇಕು, ಇಲ್ಲಿ ಎಲ್ಲ ಬರೆದೈತಲ್ಲ ಎಂದು ಆಕೆ ನಕ್ಕರು. ಹುಳುಕು ಹಲ್ಲು ತೆಗೆಸಿಕೊಂಡು, ಬೇರೆ ಮಾತ್ರೆ ಬರೆಸಿಕೊಂಡು ಹೋದರು.

ಅದಾದ ಮೇಲೆ ಒಂದು ಸಂಜೆ ಡಾಕ್ಟರು ಒಂದು ಅರ್ಜಿ ನನ್ನ ಮುಂದಿಟ್ಟರು. ಹಲ್ಲು ಸ್ವಚ್ಛಗೊಳಿಸುವ ಹೈಜೀನಿಸ್ಟ್ ಕೋರ್ಸು, ಎರಡು ವರ್ಷದ್ದು, ಬೆಂಗಳೂರಿನಲ್ಲಿ. ನಿನ್ನ ಕೈ ಚೆನ್ನಾಗಿದೆ, ಆ ಕೈಗೆ ಹಕ್ಕು ಸಂಪಾದಿಸಿಕೋ ಎಂದರು. ಎರಡು ವರ್ಷ ಕನಕಪುರ ರಸ್ತೆಯ ಬಸ್ಸುಗಳಲ್ಲಿ ನಿಂತುಕೊಂಡೇ ಪಾಠ ಓದಿದೆ. ಪಾಸಾದೆ. ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿಯಾಯಿತು. ಆ ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಯಲ್ಲಿದ್ದ ಡಾಕ್ಟರ ಪತ್ರದ ಕೆಳಗೆ ನೇತುಹಾಕಿದೆವು. ಇನ್ನು ನನ್ನ ಕೆಲಸಕ್ಕೆ ನಾನೂ ಉತ್ತರ ಹೇಳಬೇಕು. ಹೆದರಿಕೆಯೂ ಆಯಿತು, ಸಂತೋಷವೂ ಆಯಿತು.

ಮೊದಲ ದಿನ ನನ್ನ ಕುರ್ಚಿಗೆ ಬಂದವರು ಬಿಡದಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬರು. ನೀವು ಡಾಕ್ಟ್ರಾ ಎಂದು ಅನುಮಾನದಿಂದ ಕೇಳಿದರು.

"ಅಲ್ಲ, ಡಾಕ್ಟ್ರು ಪಕ್ಕದ ರೂಮಲ್ಲಿದ್ದಾರೆ. ನಾನು ಹೈಜೀನಿಸ್ಟ್. ಅವರು ಹೇಳಿದಂಗೆ ಹಲ್ಲು ಕ್ಲೀನ್ ಮಾಡ್ತೀನಿ. ಬೇರೇನಾದ್ರೂ ಕಂಡ್ರೆ ಅವರೇ ಬಂದು ನೋಡ್ತಾರೆ," ಎಂದೆ.

ಅವರು ಗೋಡೆಯ ಮೇಲಿನ ಎರಡೂ ಪತ್ರಗಳನ್ನು ನಿಧಾನವಾಗಿ ಓದಿ, ಕುರ್ಚಿಗೆ ಒರಗಿ ಬಾಯಿ ತೆರೆದರು.