ಕಾಲೂರಬಾರದ ನೀರು

ಹೊಸ ಅಗ್ರಹಾರದ ಬಸ್ ನಿಲ್ದಾಣದಲ್ಲಿ ಸಮುದ್ರದ ಮೀನು ಮಾರುವವನು ಇವತ್ತು ಬೆಳಿಗ್ಗೆ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ. ಕೆರೆ ಮೀನಿನ ಕೆಸರು ವಾಸನೆ ಬೇರೆ, ಇದು ಬೇರೆ ಕಣ್ರೀ. ಆ ಉಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ನನ್ನ ಎಡಪಾದ ಜುಮ್ಮೆಂದಿತು. ಮೂಗಿಗೂ ಪಾದಕ್ಕೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ.

ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕೇಳದವರಿಗೂ ಇದನ್ನು ಹೇಳುವುದು ನನ್ನ ಚಾಳಿ. ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುವಾಗ ಹವಳದ ದಿಬ್ಬ ತೋರಿಸಲು ನಮ್ಮನ್ನು ಲಕ್ಷದ್ವೀಪಕ್ಕೆ ಕರೆದೊಯ್ದಿದ್ದರು. ಈಜು ಯಾರಿಗೆ ಬರುತ್ತದೆ ಎಂದಾಗ ಎದೆಯುಬ್ಬಿಸಿ ಕೈಯೆತ್ತಿದೆ. ನಾನು ಈಜು ಕಲಿತದ್ದು ನಮ್ಮೂರ ನಾಲೆಯಲ್ಲಿ. ದಡದ ಮೇಲೆ ಕೂತು ಅಪ್ಪ ಹೇಳಿಕೊಟ್ಟ ಪಾಠ ಒಂದೇ: "ಎದ್ರಿಕೆ ಆಯ್ತಾ, ಕಾಲೂರವ್ವ. ನೆಲ ಸಿಕ್ತು ಅಂದ್ರೆ ಬದುಕ್ದೆ ಅಂತ್ಲೇ ತಿಳ್ಕೊ."

ಸಮುದ್ರದಲ್ಲಿ ಮುಖ ಕೆಳಗೆ ಮಾಡಿ ತೇಲಿದೆ. ಜಿಂಕೆ ಕೊಂಬಿನಂಥ ಹವಳ, ಅದರ ಸಂದಿಯಲ್ಲಿ ನೀಲಿ ಮೀನು. ಅದು ಕಲ್ಲಲ್ಲ, ಸಣ್ಣ ಸಣ್ಣ ಪ್ರಾಣಿಗಳು ಕಟ್ಟಿಕೊಂಡ ಊರು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಒಂದು ಅಲೆ ಬಾಯಿಗೆ ಉಪ್ಪುನೀರು ನುಗ್ಗಿಸಿದ್ದೇ ತಡ, ಓದಿದ್ದೆಲ್ಲ ಹೋಯಿತು. ಎಡಗಾಲು ಊರಿದೆ. ಕೆಳಗೆ ಲಟಕ್ಕೆಂದಿತು.

"ಚವಿಟ್ಟಲ್ಲೇ ಮೋಳೇ! ಜೀವನುಂಡ್!" ದೋಣಿ ನಡೆಸುತ್ತಿದ್ದ ಮೊಯ್ದುಕಾಕ ಕೂಗಿದರು. ಎಚ್.ಡಿ. ಕೋಟೆಯ ಹಾಸ್ಟೆಲಿನಲ್ಲಿ ಕೇರಳದ ಗಡಿ ಕಡೆಯ ಹುಡುಗಿಯರ ಜೊತೆ ಇದ್ದವಳಿಗೆ ಅಷ್ಟು ಮಲಯಾಳ ತಿಳಿಯುತ್ತಿತ್ತು: ತುಳಿಯಬೇಡ ಮಗಳೇ, ಜೀವ ಇದೆ.

ಮುರಿದ ಕೊಂಬೆಯನ್ನು ಅವರೇ ಬಂಡೆಯ ಸಂದಿಗೆ ಸಿಗಿಸಿದರು. ಹಿಡಿದರೆ ಹಿಡಿಯಿತು ಅಂದರು, ನಾವು ದಾಸವಾಳದ ಕಡ್ಡಿ ನೆಟ್ಟು ಹೇಳುವ ಹಾಗೆ. ಹಿಡಿಯಿತು. ವರ್ಷಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತೇನೆ. "ನಿನ್ನ ಮಗು ಗೇಣುದ್ದ ಆಗಿದೆ, ಮೀನು ಬಂದು ಸಂಸಾರ ಹೂಡಿದೆ" ಎಂದು ನಗುತ್ತಿದ್ದರು. ಮುರಿದ ಸಂಗತಿಯನ್ನು ಮಾತ್ರ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

ಇವತ್ತು ಬಸ್ ನಿಲ್ದಾಣದಿಂದ ಮನೆಗೆ ಬಂದವಳೇ ಕಾಕನಿಗೆ ಫೋನ್ ಮಾಡಿದೆ. ಈ ಸಲ ನಗು ಇರಲಿಲ್ಲ. ಸಮುದ್ರದ ನೀರು ವಾರಗಟ್ಟಲೆಯಿಂದ ಬಿಸಿಯಾಗಿದೆ, ದಿಬ್ಬಕ್ಕೆ ದಿಬ್ಬವೇ ಬೆಳ್ಳಗಾಗಿದೆ, ನನ್ನದೂ.

"ಸತ್ತಿತಾ ಕಾಕಾ?"

"ಇಲ್ಲ. ಉಪವಾಸ ಇದೆ. ಮಳೆ ಬಂದು ನೀರು ತಣಿಯಬೇಕು. ಬೇಗ."

ಉಪವಾಸ ನಿಜವೇ. ಮೈಯೊಳಗಿದ್ದು ಅನ್ನ ಕೊಡುವ ಪಾಚಿಯನ್ನು ಹವಳ ಬಿಸಿ ತಾಳದೆ ಹೊರಗಟ್ಟಿಬಿಡುತ್ತದೆ. ನನ್ನ ಕಾಲನ್ನಾದರೆ ಅವತ್ತು ಎತ್ತಿಕೊಂಡೆ. ಈ ಬಿಸಿಯಲ್ಲಿ ನನ್ನ ಸ್ಕೂಟರಿನ ಹೊಗೆ ಇದೆ, ಹೊಗೆಸೊಪ್ಪು ಬೇಯಿಸಲು ನಾವು ಬ್ಯಾರನ್ ಗೂಡಿನ ಒಲೆಗೆ ತುರುಕಿದ ಸೌದೆ ಇದೆ, ಲೋಕದವರದ್ದೆಲ್ಲ ಇದೆ. ತುಳಿಯಬೇಡಿ ಎಂದು ಯಾರನ್ನು ಕೂಗಲಿ?

ಅಂಗಳಕ್ಕೆ ಬಂದು ಮುಗಿಲು ನೋಡುತ್ತ ನಿಂತೆ.

"ಗದ್ದೆ ಕುಯ್ದಾಯ್ತು. ಈಗ ಮಳೆ ತಗಂಡು ಏನ್ ಮಾಡೀಯವ್ವ?" ಅಪ್ಪ ಕೆಣಕಿದ.

ಎಲ್ಲ ಹೇಳಿದೆ, ಲಟಕ್ಕೆಂದದ್ದನ್ನೂ. ನಗುತ್ತಾನೆ ಅಂದುಕೊಂಡಿದ್ದೆ. ಅಪ್ಪ ತಾನೂ ಮುಗಿಲ ಕಡೆ ತಲೆಯೆತ್ತಿ, "ಇನ್ನೆಷ್ಟು ದಿನ ತಡ್ಕತದಂತೆ ಅದು?" ಅಂದ.

ಎರಡು ಡಿಗ್ರಿ ಮಾಡಿದ್ದೇನೆ. ನನಗೆ ಗೊತ್ತಿರಲಿಲ್ಲ.