ಖಟಕ್ ಅನ್ನದ ಕ್ಯಾಮರಾ

ಹಳೆಯ ಕ್ಯಾಮರಾದ ಹಿಡಿಕೆಯ ರಬ್ಬರು ಮೂರು ಸಲ ಕಿತ್ತು ಬಂದಿತ್ತು. ಮೂರು ಸಲವೂ ಚಪ್ಪಲಿಗೆ ಹಚ್ಚುವ ಅಂಟು ತಂದು ನಾನೇ ಕೂಡಿಸಿದ್ದೆ. ನಾಲ್ಕನೆಯ ಸಲ ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ, ಸರಿಯಾಗಿ ಅಕ್ಷತೆ ಬೀಳುವ ಹೊತ್ತಿಗೆ, ಆ ರಬ್ಬರು ನನ್ನ ಅಂಗೈಯಲ್ಲಿ ಉಳಿದು ಕ್ಯಾಮರಾ ಕೊರಳಪಟ್ಟಿಯಲ್ಲಿ ಜೋತಾಡಿತು. ಮದುಮಗನ ಸೋದರಮಾವ ಅದನ್ನು ನೋಡಿ, "ಏನ್ರೀ ಫೋಟೋದವ್ರ, ಕ್ಯಾಮರಾದ ಸಿಪ್ಪಿ ಸುಲಿಯಾಕ ಹತ್ತೀರೇನು?" ಅಂದರು. ಸುತ್ತ ನಿಂತವರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

ಹನ್ನೆರಡು ವರ್ಷ ಆ ಕ್ಯಾಮರಾ ನನ್ನ ಜೊತೆ ತಿರುಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಈ ಸುತ್ತಿನಲ್ಲೇ ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳಿಗೆ ಕರೆದಲ್ಲಿ ಹೋಗುವವನು ನಾನು. ಈ ಬಸ್ಸುಗಳ ಧೂಳನ್ನು ನನ್ನಷ್ಟೇ ಅದೂ ಕುಡಿದಿದೆ. ಬದಲಿಸುವ ಮಾತು ಬಂದಾಗ, ಈ ಕಸುಬಿನ ಗೆಳೆಯರೆಲ್ಲ ಈಗಿನ ಹಗುರ ಕ್ಯಾಮರಾ ತಗೋ ಅಂದರು, ಒಳಗೆ ಕನ್ನಡಿಯೇ ಇಲ್ಲದ್ದು. ನಾನು ಮೊಂಡ. ಕ್ಯಾಮರಾಕ್ಕೆ ಕಣ್ಣು ಹಚ್ಚಿದರೆ ಕನ್ನಡಿಯಲ್ಲಿ ಎದುರಿನ ಮನುಷ್ಯನೇ ಕಾಣಬೇಕು, ಟಿವಿಯ ಹಾಗೆ ಪರದೆಯ ಮೇಲಿನ ಅವನ ಚಿತ್ರ ಅಲ್ಲ. ಹಟ ಹಿಡಿದು ಡಿಎಸ್‌ಎಲ್‌ಆರ್‌ನಲ್ಲೇ ಹೊಸದನ್ನು ಕೊಂಡೆ.

ಅದು ಮನೆಗೆ ಬಂದ ದಿನ ಹೆಂಡತಿ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದಳು. ಲೆನ್ಸಿಗೆ ಕುಂಕುಮ ತಾಗದ ಹಾಗೆ ನಾನು ಕೈ ಅಡ್ಡ ಹಿಡಿದು ನಿಂತಿದ್ದೆ. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಇದನ್ನೆಲ್ಲ ನೋಡಿ, ಎಲ್ಲ ಮುಗಿದ ಮೇಲೆ ಒಂದೇ ಮಾತು ಕೇಳಿದ.

"ಇದರಾಗರ ನನ್ನ ಕಣ್ಣು ತೆರೀತಾವೇನೋ?"

ಈ ಮಾತಿನ ಹಿಂದಿನ ಕಥೆ ಹೇಳಬೇಕು. ಅಪ್ಪ ಬೆಟಗೇರಿಯ ನೇಕಾರ. ಇದೇ ಪಡಸಾಲೆಯ ನೆಲದಲ್ಲಿ ಮಗ್ಗದ ಕುಣಿ ಇತ್ತು. ಅದರಲ್ಲಿ ಕಾಲು ಇಳಿಬಿಟ್ಟು ಕೂತು ಐವತ್ತು ವರ್ಷ ಸೀರೆ ನೇಯ್ದವನು ಅವನು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡಿ ಬಂದು ಖಟಕ್ ಅಂದಾಗಲೊಮ್ಮೆ ನೂಲಿನ ಧೂಳು ಏಳುತ್ತದೆ. ಅದು ಕಣ್ಣಿಗೆ ಬೀಳದಿರಲೆಂದು ಖಟಕ್ಕಿಗೊಮ್ಮೆ ರೆಪ್ಪೆ ಮುಚ್ಚುವುದು ಅವನಿಗೆ ಯಾವಾಗ ರೂಢಿಯಾಯಿತೋ ಅವನಿಗೂ ಗೊತ್ತಿಲ್ಲ. ಮಗ್ಗ ಹೋಯಿತು, ಕುಣಿ ಮುಚ್ಚಿ ಮೇಲೆ ಟೈಲ್ಸ್ ಹಾಕಿಸಿದೆವು, ರೂಢಿ ಮಾತ್ರ ಉಳಿಯಿತು. ನನ್ನ ಹಳೆಯ ಕ್ಯಾಮರಾದ ಸದ್ದೂ ಅಚ್ಚು ಲಾಳಿಯ ಸದ್ದಿನಂಥದ್ದೇ. ಅದು ಖಟಕ್ ಅಂದರೆ ಸಾಕು, ಅಪ್ಪನ ಕಣ್ಣು ಮುಚ್ಚಿದವು ಅಂತಲೇ ಲೆಕ್ಕ. ಬೇರೆ ಯಾವ ಮಾತನ್ನಾದರೂ ಅವನಿಗೆ ಎರಡು ಸಲ ಹೇಳಬೇಕು. ಈ ಸದ್ದು ಮಾತ್ರ ಅಂಗಳದ ಆಚೆಯಿಂದಲೂ ಕೇಳುತ್ತದೆ.

ನಾನು ಮಾಡದ ಸರ್ಕಸ್ಸಿಲ್ಲ. ದೂರ ನಿಂತು ದೊಡ್ಡ ಲೆನ್ಸಿನಲ್ಲಿ ತೆಗೆದೆ. ಫ್ಲ್ಯಾಶ್ ಆರಿಸಿ ತೆಗೆದೆ. ಬಿಡದೆ ಒಂದರ ಹಿಂದೊಂದು ಹತ್ತು ಫೋಟೋ ಹೊಡೆದೆ. ಹತ್ತರಲ್ಲೂ ಅಪ್ಪ ಧ್ಯಾನಕ್ಕೆ ಕೂತವನ ಹಾಗೆ ಕಣ್ಣು ಮುಚ್ಚಿದ್ದ. ನನ್ನ ಮದುವೆಯ ಫೋಟೋದಲ್ಲಿ ಮುಚ್ಚಿದ್ದಾನೆ. ಮಗಳ ತೊಟ್ಟಿಲ ಫೋಟೋದಲ್ಲೂ ಮುಚ್ಚಿದ್ದಾನೆ. ಆಧಾರ್ ಕಾರ್ಡಿನಲ್ಲಿ ಕಣ್ಣೇನೋ ತೆರೆದಿವೆ, ಆದರೆ ಆ ಮುಖ ಯಾರದೆಂದು ಅವನಿಗೇ ಗುರುತು ಹತ್ತುವುದಿಲ್ಲ. ಮೊಬೈಲಿನಲ್ಲಿ ತೆಗೆದದ್ದನ್ನು ಅವನು ಫೋಟೋ ಅಂತ ಒಪ್ಪುವುದೇ ಇಲ್ಲ. "ಫೋನು ಮಾತಾಡಾಕ ಇರೋದು" ಅಂದು ಮುಖ ತಿರುಗಿಸುತ್ತಾನೆ.

ಅವ್ವ ಇರುವತನಕ ಇದು ನಮಗೆ ಬರೀ ನಗೆಯ ಮಾತಾಗಿತ್ತು. ಅವ್ವ ಹೋಗಿ ಮೂರು ವರ್ಷವಾಯಿತು. ಪಡಸಾಲೆಯ ಗೋಡೆಗೆ ಅವಳ ಫೋಟೋ ಇದೆ. ಅದರ ಬದಿಗೆ ಇನ್ನೊಂದು ಫೋಟೋ ಹಿಡಿಸುವಷ್ಟು ಜಾಗ ಬಿಡಿಸಿ ಮೊಳೆ ಹೊಡೆಸಿದವನು ಅಪ್ಪನೇ. ತನ್ನದು ಈಗಲೇ, ತಾನಿರುವಾಗಲೇ, ತಾನು ನೋಡಿ ಒಪ್ಪಿದ್ದನ್ನೇ ಅಲ್ಲಿ ಹಾಕಬೇಕು ಅಂತ ಅವನ ಪಟ್ಟು. ಇರುವವರ ಫೋಟೋ ಹೋದವರ ಮಗ್ಗುಲಿಗೆ ಹಾಕಬಾರದು ಅಂತ ನನ್ನ ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ.

"ಹಾರ ಹಾಕಬ್ಯಾಡವಾ, ಆತಲ್ಲ. ಆದರ ಕಣ್ಣು ಮುಚ್ಚಿದ್ದು ಬ್ಯಾಡ. ಆಕಿ ಹಗಲೆಲ್ಲ ಎಚ್ಚರಾಗಿ ಕುಂತಿರ್ತಾಳ, ನಾ ಮಗ್ಗಲದಾಗ ಮಲಗಿದಂಗ ಕಂಡ್ರ ಛಲೋ ಅಲ್ಲ" ಅಂದಿದ್ದ.

ಆ ಖಾಲಿ ಜಾಗ ಮೂರು ವರ್ಷದಿಂದ ದಿನಾ ನನ್ನ ಕಣ್ಣಿಗೆ ಬೀಳುತ್ತಿದೆ. ಊರವರ ಮನೆಯ ಗೋಡೆಗಳನ್ನೆಲ್ಲ ತುಂಬಿಸುವವನಿಗೆ ತನ್ನ ಅಪ್ಪನ ಒಂದು ಫೋಟೋ ತೆಗೆಯಲಾಗಲಿಲ್ಲ. ಅಪ್ಪನಿಗೆ ಎಂಬತ್ತು ದಾಟಿದೆ. ಕಳೆದ ಚಳಿಗಾಲ ಕೆಮ್ಮು ಹಿಡಿದಾಗ ನನಗೆ ಮೊದಲು ನೆನಪಾದದ್ದು ಆ ಮೊಳೆ. ಹೇಳಿಕೊಳ್ಳಲು ನಾಚಿಕೆ, ಆದರೂ ಖರೆ.

ಹೊಸ ಕ್ಯಾಮರಾ ಕೈಗೆ ಹೊಂದಲು ಎರಡು ವಾರ ಬೇಕಾಯಿತು. ಹೆಬ್ಬೆರಳು ಹಳೆಯ ಜಾಗದಲ್ಲೇ ಗುಂಡಿ ಹುಡುಕುತ್ತಿತ್ತು, ಅಲ್ಲಿ ಈಗ ಬೇರೆ ಗುಂಡಿ. ಫೋಟೋ ನೋಡಲು ಹೋದರೆ ಯಾವುದೋ ಪಟ್ಟಿ ತೆರೆದುಕೊಳ್ಳುತ್ತಿತ್ತು. ನಾನು ಕಣ್ಣು ಹಚ್ಚಿ ನೋಡಿದರೆ ಮೂಗು ಹಿಂದಿನ ಪರದೆಗೆ ತಾಗಿ ತನ್ನ ಪಾಡಿಗೆ ತಾನೇ ಏನನ್ನೋ ಬದಲಿಸುತ್ತಿತ್ತು. ಮೂಗಿನಿಂದ ಕ್ಯಾಮರಾ ನಡೆಸುವ ವಿದ್ಯೆ ಈ ವಯಸ್ಸಿನಲ್ಲಿ ಕಲಿಯಬೇಕಾಗಿ ಬಂದದ್ದಕ್ಕೆ ಒಂದೆರಡು ಬೈಗಳೂ ಬಾಯಿಂದ ಬಂದವು.

ಆದರೂ ಮೆಚ್ಚಬೇಕು. ಶಿರಹಟ್ಟಿಯ ಒಂದು ಮನೆಯಲ್ಲಿ ಸೀಮಂತ. ಒಳಕೋಣೆಯಲ್ಲಿ ಒಂದೇ ಬಲ್ಬು. ಹಳೆಯದಾಗಿದ್ದರೆ ಅಂಥ ಬೆಳಕಿನಲ್ಲಿ ತೆಗೆದ ಫೋಟೋ ರವೆ ಉದುರಿಸಿದ ಹಾಗೆ ಕಾಳುಕಾಳಾಗಿ ಕಾಣುತ್ತಿತ್ತು. ಹೊಸದರಲ್ಲಿ ಬಸುರಿಯ ಹಸಿರು ಬಳೆ ಒಂದೊಂದೂ ಬೇರೆಬೇರೆಯಾಗಿ ಎಣಿಸುವಷ್ಟು ಚೊಕ್ಕ. ನಾನು ಆ ಪರದೆಯನ್ನು ಮನೆಯ ಹೆಂಗಸರಿಗೆಲ್ಲ ಕರೆಕರೆದು ತೋರಿಸಿದೆ. ಹೊಸ ಒಡವೆ ತೋರಿಸುವ ಹೆಣ್ಣುಮಕ್ಕಳನ್ನು ನೋಡಿ ಇಷ್ಟು ದಿನ ನಗುತ್ತಿದ್ದ ನಾನು ಆಮೇಲೆ ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಸೌಲಭ್ಯ ನಾನು ತಡವಾಗಿ ಕಂಡುಕೊಂಡೆ. ಕಣ್ಣು ಹಚ್ಚುವ ಬದಲು ಹಿಂದಿನ ಪರದೆಯಲ್ಲಿ ನೋಡುತ್ತ ತೆಗೆಯುವಂತೆ ಇಟ್ಟರೆ, ಈ ಕ್ಯಾಮರಾ ಸದ್ದೇ ಮಾಡುವುದಿಲ್ಲ. ಚೂರೂ ಇಲ್ಲ. ಟಿವಿ ಬೇಡವೆಂದು ಹಟ ಹಿಡಿದವನು ಟಿವಿಯನ್ನೇ ನೋಡಬೇಕು, ಅಷ್ಟೇ. ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋದಾಗ ಹಾಗೆ ಇಟ್ಟೆ. ಮಾತುಕತೆಯ ನಡುವೆ ಖಟಕ್ ಅಂತ ಯಾರ ಧ್ಯಾನವೂ ಕೆಡಬಾರದು ಅಂತ ನನ್ನ ದೊಡ್ಡ ಆಲೋಚನೆ. ಕೊನೆಗೆ ಮನೆತನದವರನ್ನೆಲ್ಲ ಕಟ್ಟೆಯ ಮೇಲೆ ನಿಲ್ಲಿಸಿದೆ. ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು, ಎದೆ ಉಬ್ಬಿಸಿ, ಉಸಿರು ಹಿಡಿದು ನಿಂತರು. ನಾಲ್ಕು ಫೋಟೋ ತೆಗೆದು "ಆತ್ರಿ" ಅಂದೆ. ಒಬ್ಬರೂ ಅಲುಗಲಿಲ್ಲ.

"ಆತ್ರೀ, ಮುಗೀತು" ಅಂದೆ ಇನ್ನೊಮ್ಮೆ.

ನಡುವೆ ನಿಂತ ಮುದುಕಪ್ಪ ಉಸಿರು ಬಿಡದೆಯೇ ತುಟಿಯ ಸಂದಿನಿಂದ, "ಎಲ್ಲಿ ಆತೋ ತಮ್ಮಾ? ಸಪ್ಪಳನ ಆಗ್ಲಿಲ್ಲಲ್ಲ! ಜಲ್ದಿ ತಗಿ, ದಮ್ಮು ಹಿಡದೈತಿ" ಅಂದರು.

ಪರದೆ ತೋರಿಸಿದರೂ ಅವರು ನಂಬಲಿಲ್ಲ. ಸಪ್ಪಳವಿಲ್ಲದೆ ತೆಗೆದದ್ದು ಮುಂದೆ ಅಳಿಸಿಹೋದರೆ ಯಾರು ಹೊಣೆ? ಕೊನೆಗೆ ಸದ್ದು ಬರುವಂತೆ ಮಾಡಿ ಇನ್ನೊಂದು ಸಲ ತೆಗೆದೆ. ಆಗಲೇ ಎಲ್ಲರೂ ಉಸಿರು ಬಿಟ್ಟು ಊಟಕ್ಕೆ ಹೋದದ್ದು.

ನಗುತ್ತಲೇ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ನಗು ತಟ್ಟನೆ ನಿಂತಿತು. ಸಪ್ಪಳ ಕೇಳದಿದ್ದರೆ ಅಪ್ಪ ಕಣ್ಣು ಮುಚ್ಚುವುದು ಯಾವುದಕ್ಕೆ?

ಮರುದಿನ ಮುಂಜಾನೆ ಅಪ್ಪನಿಗೆ ಸ್ನಾನ ಮಾಡಿಸಿ, ಬಿಳಿ ಧೋತರ ಉಡಿಸಿ, ಟೊಪ್ಪಿಗೆ ಇಟ್ಟು ಪಡಸಾಲೆಯಲ್ಲಿ ಕೂಡಿಸಿದೆ. ಕುರ್ಚಿ ಬಿದ್ದ ಜಾಗ ಮುಚ್ಚಿದ ಕುಣಿಯ ಮೇಲೆಯೇ. ಬೆಳಕು ಬಾಗಿಲಿನಿಂದ ಚೆನ್ನಾಗಿ ಬರುವುದು ಅಲ್ಲಿಗೇ, ಹಿಂದೆ ಮಗ್ಗ ಹೂಡಿದ್ದೂ ಅದಕ್ಕೇ. ಸದ್ದಿಲ್ಲದ ಗುಟ್ಟನ್ನು ನಾನು ಅಪ್ಪನಿಗೆ ಹೇಳಲಿಲ್ಲ. ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪರದೆ ನೋಡುತ್ತ ನಿಂತೆ.

"ಆತು, ತಗಿ" ಅಂದ ಅಪ್ಪ, ಬೆನ್ನು ನೆಟ್ಟಗೆ ಮಾಡಿ.

ತೆಗೆದೆ. ಕಣ್ಣು ತೆರೆದೇ ಇದ್ದವು. ಇನ್ನೊಂದು ತೆಗೆದೆ. ತೆರೆದಿದ್ದವು, ಮುಖ ಮಾತ್ರ ಕಟ್ಟಿಗೆಯ ಹಾಗೆ ಬಿಗಿದಿತ್ತು. ಅಪ್ಪ ಖಟಕ್ ಎಂಬ ಸದ್ದಿಗಾಗಿ ಕಾಯುತ್ತ ಕೂತಿದ್ದ. ಅದು ಬರಲಿಲ್ಲ. ಕೂತಷ್ಟು ಹೊತ್ತು ಅವನ ಬಿಗುವು ಇಳಿಯುತ್ತ ಬಂತು. ಭುಜ ಸಡಿಲಾದವು. ಆಮೇಲೆ ಮುಖ ಒಂದು ಚೂರು, ಬರೀ ಒಂದು ಚೂರು, ಅಡುಗೆಮನೆಯ ಕಡೆ ಹೊರಳಿತು, ಆ ಕಡೆಯಿಂದ ಏನೋ ಕೇಳಿಸಬೇಕಿದೆ ಅನ್ನುವ ಹಾಗೆ. ಒಳಗೆ ನನ್ನ ಹೆಂಡತಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಅವಳು ಏನೂ ಅಂದಿರಲಿಲ್ಲ. ನಾನು ಗುಂಡಿ ಒತ್ತಿದೆ.

ಪರದೆಯಲ್ಲಿ ಆ ಫೋಟೋ ನೋಡಿ ನನಗೆ ಮೊದಲು ನಿರಾಸೆಯಾಯಿತು. ಕಣ್ಣು ತೆರೆದಿದ್ದವು, ಹೊಳೆಯುತ್ತಲೂ ಇದ್ದವು, ಆದರೆ ನೋಟ ನನ್ನ ಮೇಲೆ ಇರಲಿಲ್ಲ. ತುಟಿಯ ತುದಿಯಲ್ಲಿ ನಗು ಬಂದೂ ಬಾರದಂತಿತ್ತು. ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದು ನೋಡಿ, "ಬಸ್ಸಿಗೆ ಕಾಯಾಕ ಹತ್ಯಾರ ಮಾವಾರು" ಅಂದಳು.

"ಇದನ್ನ ಬಿಡಪಾ, ಇನ್ನೊಂದು ತಗೀತೇನಿ. ನನ್ನ ಕಡೆ ನೋಡು" ಅಂದೆ.

"ತೋರ್ಸು ಮೊದಲ" ಅಂದ ಅಪ್ಪ.

ಕ್ಯಾಮರಾ ಬಿಚ್ಚಿ ಅವನ ಕೈಗೆ ಕೊಟ್ಟೆ. ಭಾರವಾದೀತೆಂದು ಕೆಳಗಿನಿಂದ ನಾನೂ ಹಿಡಿದುಕೊಂಡೆ. ಮುಖವನ್ನು ದೊಡ್ಡದು ಮಾಡಿ ತೋರಿಸಿದೆ. ಅಪ್ಪ ಪರದೆಯ ಹತ್ತಿರಕ್ಕೆ ಬಾಗಿ ನೋಡಿದ.

ನಮ್ಮ ಓಣಿಯಲ್ಲಿ ಮಗ್ಗಗಳು ಆಡುತ್ತಿದ್ದ ಕಾಲದಲ್ಲಿ ಪ್ರತಿ ಮನೆಯ ಹೆಂಗಸಿಗೂ ತನ್ನ ಮಗ್ಗದ ಸದ್ದು ಗುರುತಿರುತ್ತಿತ್ತು. ಸದ್ದು ನಿಂತರೆ ಒಳಗಿನಿಂದ ಕೇಳುವುದು ಪದ್ಧತಿ. ಎಳೆ ಹರಿದಿದ್ದರೆ ಬಂದು ಕೂಡಿಸಲು ಕೈಹಚ್ಚಬೇಕು, ನೂಲು ಮುಗಿದಿದ್ದರೆ ಸುತ್ತಿಟ್ಟದ್ದನ್ನು ತಂದುಕೊಡಬೇಕು. ನಮ್ಮ ಅವ್ವನದು ಒಂದೇ ಮಾತು: "ಯಾಕ್ರೀ, ಮಗ್ಗ ನಿಂತ್ತು?" ಅಪ್ಪನದೂ ಒಂದೇ ಉತ್ತರ: "ಎಳಿ ಹರೀತು." ಆಮೇಲೆ ಅವ್ವ ಬರುತ್ತಿದ್ದಳು, ಬರುವಾಗ ಹೇಗೂ ಬರುವುದೆಂದು ಒಂದು ಬಟ್ಟಲು ಚಹಾ ತರುತ್ತಿದ್ದಳು. ದಿನಕ್ಕೆ ನಾಲ್ಕೈದು ಸಲವಾದರೂ ಇದು ನಡೆಯುತ್ತಿತ್ತು. ನಮ್ಮ ಅಪ್ಪನಿಗೇ ಏಕೆ ಇಷ್ಟು ಕೆಟ್ಟ ನೂಲು ಕೊಡುತ್ತಾರೆ ಅಂತ ಸಣ್ಣವನಿದ್ದಾಗ ನನಗೆ ನೂಲು ಕೊಡುವ ಸಾಹುಕಾರರ ಮೇಲೆ ಸಿಟ್ಟಿತ್ತು.

ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: "ಇದು ಮಗ್ಗ ನಿಲ್ಸಿದಾಗಿನ ಮಾರಿ."

"ಎಳಿ ಹರದಾಗಿಂದೇನು?" ಅಂದೆ.

"ಎಳಿ ಹರದ್ರ ಮನಿಶಾ ಕೆಳಗ ನೋಡ್ತಾನ, ಎಲ್ಲಿ ಹರದೈತಿ ಅಂತ. ಇದು ಎಳಿ ಹರೀದಿದ್ರೂ ನಿಲ್ಸಿ ಕುಂಡ್ರತಿದ್ನಲ್ಲ, ಆಗಿಂದು." ಅಪ್ಪ ಗೋಡೆಯ ಮೇಲಿನ ಅವ್ವನ ಫೋಟೋದ ಕಡೆ ನೋಡಿದ. "ಆಕಿ ಒಳಗಿಂದ ಕೇಳ್ಲಿ ಅಂತ."

ಹೆಂಡತಿ ಹಿಟ್ಟಿನ ಕೈ ಎತ್ತಿ ಹಿಡಿದುಕೊಂಡು ಹಾಗೆಯೇ ನಿಂತಿದ್ದಳು. ಅಪ್ಪನ ಮೇಲೆ ಪ್ರೀತಿ ಉಕ್ಕಿ ಬಂತು. ಮಗ್ಗದ ಮುಂದೆ ಸುಳ್ಳು ಹೇಳಿ ಚಹಾ ಕುಡಿದ ಈ ಮನುಷ್ಯನನ್ನು ಐವತ್ತೆರಡು ವರ್ಷ ನಾನು ಬರೀ ಕಷ್ಟಜೀವಿ ಅಂದುಕೊಂಡಿದ್ದೆ. ಆದರೂ ಮತ್ತೆ ನನ್ನ ಕಸುಬಿನ ಮಾತನ್ನೇ ಆಡಿದೆ.

"ಇನ್ನೊಂದು ತಗಿಯೂಣು ತಡಿಯಪಾ. ಇದರಾಗ ಅಡಗಿಮನಿ ಕಡೆ ನೋಡೀದಿ."

"ಬ್ಯಾಡ, ಇದನ್ನ ಹಾಕ್ಸು" ಅಂದ ಅಪ್ಪ, ಕ್ಯಾಮರಾ ನನ್ನ ಕೈಗೆ ಕೊಡುತ್ತ. "ಆಕಿ ಕೇಳಿದ್ದು ಬರೇ ನನ್ನ ದನಿ. ಈ ಮಾರಿ ಆಕಿ ಒಮ್ಮೆನೂ ನೋಡಿಲ್ಲ, ಒಳಗ ಇರ್ತಿದ್ಲಲ್ಲ. ಈಗ ನೋಡ್ಲಿ."

ಅದನ್ನೇ ಹಾಕಿಸಿದೆ, ಅವ್ವನ ಚೌಕಟ್ಟಿನ ಅಳತೆಯದೇ ಚೌಕಟ್ಟಿನಲ್ಲಿ.