ಗಿರಿಯಪ್ಪ ನಡೆಸಿದ ಕಾಯಿ

ಕೋವಿಡ್ ಅಡಗಿದ ಮರುವರ್ಷ ನಾನು ಹೊಸದುರ್ಗ ತಾಲೂಕಿನ ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯ ನರ್ಸ್ ಆಗಿದ್ದೆ. ಪ್ರತಿ ಗುರುವಾರ ಮಾಡದಕೆರೆ ಕಡೆಯ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಕೆಲಸ. ಡಿಮೆನ್ಷಿಯಾ, ಅಂದರೆ ದಿನದಿಂದ ದಿನಕ್ಕೆ ಹೆಚ್ಚುವ ಮರೆವಿನ ಕಾಯಿಲೆ ಇದ್ದ ಏಳೆಂಟು ಹಿರಿಯರು ಬರುತ್ತಿದ್ದರು. ಬಂದವರು ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದರು. ಒಬ್ಬರೊಡನೊಬ್ಬರು ಮಾತಾಡಲಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆದೆ.

ಕರಿಯಪ್ಪನವರು ಕುರಿ ಕಾದು ಬದುಕಿದವರು. ಎಪ್ಪತ್ತು ದಾಟಿತ್ತು. ಉಂಡು ಕೈ ತೊಳೆದ ಮೇಲೆ ಮತ್ತೆ ತಟ್ಟೆ ಕೇಳುತ್ತಿದ್ದರು. ಕವಡೆ ಕೈಗೆ ಬಂದರೆ ಮಾತ್ರ ಮುಖ ಅರಳುತ್ತಿತ್ತು. ಎದುರಿಗೆ ಕೂರುತ್ತಿದ್ದವರು ಅವರ ಬಾಲ್ಯದ ಗೆಳೆಯ ಗಿರಿಯಪ್ಪ. ಕೂಲಿ ಮಾಡಿದ ಜೀವ. ಅವರಿಗೆ ಯಾವ ಮರೆವೂ ಇರಲಿಲ್ಲ, ಗೆಳೆಯನ ಜೊತೆಗೆಂದು ಬರುತ್ತಿದ್ದರು.

ಮೊದಮೊದಲು ಕರಿಯಪ್ಪನವರು ಸೋತು, ಸಿಟ್ಟಾಗಿ ಎದ್ದು ಹೋಗುತ್ತಿದ್ದರು. ಆಮೇಲೆ ಗೆಲ್ಲತೊಡಗಿದರು. ಭವನದ ಇನ್ನೊಂದು ತುದಿಯಲ್ಲಿ ಬಿಪಿ ನೋಡುತ್ತಾ ನಾನು "ಯಾರು ಗೆದ್ರಿ?" ಎಂದು ಕೂಗುತ್ತಿದ್ದೆ.

"ಇವ್ನೇ ಕಣವ್ವ. ನಾಕೂ ಕಾಯಿ ಹಣ್ಣು ಮಾಡ್ದ," ಎನ್ನುತ್ತಿದ್ದರು ಗಿರಿಯಪ್ಪ. ಕಾಯಿ ಸುತ್ತಿ ಬಂದು ನಡುಮನೆ ಸೇರಿದರೆ ಅದು ಹಣ್ಣಾದಂತೆ.

ಕರಿಯಪ್ಪನವರ ಆ ಗೆಲುವನ್ನೇ ರಿಜಿಸ್ಟರಿನಲ್ಲಿ 'ಸುಧಾರಣೆ ಇದೆ' ಎಂದು ಬರೆದೆ. ಮೂರು ಪದ ಹೇಳಿಕೊಟ್ಟು, ಸ್ವಲ್ಪ ಹೊತ್ತಿನ ನಂತರ ಕೇಳುವ ಮೆಮೊರಿ ಟೆಸ್ಟ್ ಮತ್ತೆ ಮಾಡಬೇಕಿತ್ತು. ಮಾಡಲಿಲ್ಲ. ಆ ಟೆಸ್ಟ್ ಎಂದರೆ ಅವರು ತಲೆ ತಗ್ಗಿಸುತ್ತಿದ್ದರು. ಎಣಿಸಿ ಕಾಯಿ ನಡೆಸುವವರಿಗೆ ಅದೇಕೆ ಎಂದುಕೊಂಡೆ.

ಒಂದು ದಿನ ಕರಿಯಪ್ಪನವರ ಸೊಸೆ ರತ್ನಮ್ಮ ಬಂದಳು. "ಮೇಡಂ, ಮನೇಲಿ ಕುಂತು ಕುಂತು ಅಳ್ತಾರೆ. ಕೆರೆ ಕಡೆ ನಾಕು ಕುರಿ ಹೊಡ್ಕಂಡು ಹೋಗ್ತೀನಿ ಅಂತಾರೆ. ಕಳಿಸ್ಲಾ?"

"ಸುಧಾರಿಸಿದ್ದಾರೆ. ಕಳಿಸಮ್ಮ," ಎಂದೆ.

ನಾಲ್ಕೇ ದಿನ. ಒಂದು ಸಂಜೆ ಕುರಿಗಳು ಮಾತ್ರ ಮನೆಗೆ ಬಂದವು. ಊರೆಲ್ಲ ಹುಡುಕಿತು. ಮೂರನೆಯ ದಿನ, ಕೆರೆಯ ಹಾದಿಗೆ ತದ್ವಿರುದ್ಧ ದಿಕ್ಕಿನಲ್ಲಿ, ಜಾಲಿಯ ಪೊದೆಯೊಂದರ ಬುಡದಲ್ಲಿ ಹೆಣ ಸಿಕ್ಕಿತು. ಬಿಸಿಲಿಗೆ, ನೀರಿಲ್ಲದೆ ಜೀವ ಹೋಗಿತ್ತು.

ಮಣ್ಣಾದ ಮಾರನೆಯ ದಿನ ಹೋದೆ. ರತ್ನಮ್ಮ ಬೈಯಲಿಲ್ಲ. "ನೀವೇ ಹೇಳಿದ್ರಲ್ಲ ಮೇಡಂ," ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಜಗಲಿಯ ಮೇಲೆ ಗಿರಿಯಪ್ಪ ಕೂತಿದ್ದರು. ನನ್ನ ಮುಖ ನೋಡದೆ ಹೇಳಿದರು: "ಕವಡೆ ಎಸೆಯೋದಷ್ಟೇ ಅವ್ನು. ಎಷ್ಟು ಬಿತ್ತು ಅಂತ ಎಣಿಸಾಕೆ ಬರ್ತಿರ್ಲಿಲ್ಲ. ಅವ್ನ ಕಾಯಿನೂ ನಾನೇ ನಡೆಸ್ತಿದ್ದೆ. ಸೋತ್ರೆ ಎದ್ದು ಹೋಗ್ತಿದ್ದನಲ್ಲ, ಅದ್ಕೆ. ನನ್ನ ಹೆಸ್ರೂ ಮರ್ತಿದ್ದ ಕಣವ್ವ. ಆಟಕ್ಕೆ ಕುಂತಾಗ ಮಾತ್ರ 'ಲೇ' ಅಂತಿದ್ದ."

ಆಮೇಲೆ ಮುಖವೆತ್ತಿ ಕೇಳಿದರು:

"ನಾನು ಹಂಗೆ ಆಡ್ಸಿದ್ದು ತಪ್ಪಾಯ್ತಾ?"

ಅವರದೇನೂ ತಪ್ಪಿರಲಿಲ್ಲ. ಗೆಳೆಯನನ್ನು ಎದುರಿಗೆ ಕೂರಿಸಿಕೊಳ್ಳಲು ಅವರಿಗೆ ಇದ್ದ ದಾರಿ ಅದೊಂದೇ. ಹತ್ತಿರ ಹೋಗಿ ಒಂದು ಆಟವನ್ನೂ ನೋಡದೆ ಬರೆದವಳು ನಾನು, ಕಳಿಸು ಎಂದವಳೂ ನಾನು. ಅದನ್ನು ಅಲ್ಲೇ ಹೇಳಬೇಕಿತ್ತು. ಬದಲಿಗೆ "ಆಗಿದ್ದು ಆಗೋಯ್ತು, ಬಿಡ್ರಿ," ಎಂದು ಬಸ್ಸಿಗೆ ನಡೆದೆ.

ಮುಂದಿನ ಗುರುವಾರ ಗಿರಿಯಪ್ಪ ಬರಲಿಲ್ಲ. ಮನೆಗೆ ಹೋದರೆ ಗೋಡೆ ಕಡೆ ಮಗ್ಗುಲಾದರು. ವರ್ಷ ತುಂಬುವ ಮೊದಲೇ ತೀರಿಕೊಂಡರು.

ಆಟದಿಂದ ಈ ಕಾಯಿಲೆ ಹಿಂದಕ್ಕೆ ಹೋಗುವುದಿಲ್ಲ. ಆಟ ಕೊಡುವುದು ಜೊತೆಯನ್ನು, ಅದೂ ಸಣ್ಣದಲ್ಲ. ಆದರೆ ಜೊತೆ ಸಿಕ್ಕಿದ್ದನ್ನು ಗುಣವಾಯಿತೆಂದು ಬರೆದರೆ ಮನೆಯವರು ಅದನ್ನು ನಂಬುತ್ತಾರೆ. ಈ ಕೆಲಸ ನನಗೆ ಕಲಿಸಿದ್ದು ಇದು. ಈಗ ಆಡುವವರ ಪಕ್ಕದಲ್ಲೇ ಕೂರುತ್ತೇನೆ, ಎಣಿಸುತ್ತಿರುವವರು ಯಾರೆಂದು ನೋಡುತ್ತೇನೆ. ಗಿರಿಯಪ್ಪನವರು ಮಾತ್ರ ತಪ್ಪು ತಮ್ಮದೆಂದೇ ತಿಳಿದು ಸತ್ತರು.